ಬಿಡಾರ ತಲಪಾಡಿಯ ಈಚೆ, ಕಾರ್ಡು ಆಚೆ

ನೀವು ಕೇಳಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಸಣ್ಣದು: ಇಲ್ಲ. ಅಮೆರಿಕದಲ್ಲಿ ಮಗಳ ಮನೆಯ ಹತ್ತಿರ ನೀವು ನೋಡಿದಂಥ, ವಯಸ್ಸಾದವರಿಗೆಂದೇ ಕಟ್ಟಿ ಕಡಿಮೆ ಬಾಡಿಗೆಗೆ ಕೊಡುವ ಮನೆ ನಮ್ಮ ಮಂಗಳೂರು, ಉಡುಪಿಯ ಸಾಮಾನ್ಯರ ಕೈಗೆ ಸಿಗುವ ಹಾಗೆ ಇಲ್ಲ. ಎರಡನೆಯದು ಹಾಗಲ್ಲ. ನಿಮ್ಮ ಮನೆಯವರ ಚಿಕ್ಕಮ್ಮನನ್ನು ಕೇರಳದ ಉಪ್ಪಳದಿಂದ ತಲಪಾಡಿಯ ಗಡಿ ದಾಟಿಸಿ ಮಂಗಳೂರಿನ ಹತ್ತಿರದ ತೊಕ್ಕೊಟ್ಟಿಗೆ ಕರೆತಂದು ಬಾಡಿಗೆ ಮನೆ ಮಾಡಿಕೊಟ್ಟರೆ ‘ಸರ್ಕಾರದ ಸವಲತ್ತೆಲ್ಲ ಹಾಗೇ ಮುಂದುವರಿಯುತ್ತದಲ್ಲ’ ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ಕೂತು ನೋಡಿದರೆ ಅದು ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಸಂಗತಿ. ಇಲ್ಲಿಯವರಿಗೆ ಅದು ರಾಜ್ಯ ಬದಲಿಸುವ ಸಂಗತಿ ಮಾರಾಯ್ರೆ. ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ನೀವು ನೋಡಿದ್ದು ಪ್ರಾಯಶಃ ಅಲ್ಲಿಯವರು ಸೆಕ್ಷನ್ 202 ಎನ್ನುವ ಯೋಜನೆಯ ಮನೆ. 1959ರ ವಸತಿ ಕಾಯ್ದೆಯಿಂದ ಬಂದದ್ದು. ಕಟ್ಟಡ ಸರ್ಕಾರದ್ದಲ್ಲ, ಲಾಭಕ್ಕಾಗಿ ನಡೆಸದ ಯಾವುದಾದರೂ ಸಂಸ್ಥೆಯದ್ದಾಗಿರುತ್ತದೆ. ದುಡ್ಡಿನ ಬೆಂಬಲ ಮಾತ್ರ ಅಲ್ಲಿನ ಕೇಂದ್ರ ಸರ್ಕಾರದ್ದು. ಸೇರಲು 62 ತುಂಬಿರಬೇಕು, ಆದಾಯ ಆ ಪ್ರದೇಶದ ನಡುಮಟ್ಟದ ಆದಾಯದ ಅರ್ಧದೊಳಗಿರಬೇಕು. ಬಾಡಿಗೆ ಎಂದರೆ ಆಸ್ಪತ್ರೆ ಖರ್ಚಿನಂಥ ಕೆಲವು ಬಾಬತ್ತು ಕಳೆದು ಉಳಿದ ಆದಾಯದ ಶೇ 30. ವರ್ಷಕ್ಕೊಮ್ಮೆ ಪಿಂಚಣಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಪುನಃ ಕೊಡಬೇಕು, ಸರ್ಕಾರದ ಕಂಪ್ಯೂಟರಿನ ಲೆಕ್ಕಕ್ಕೆ ಅದನ್ನು ತಾಳೆ ಹಾಕುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ಬಾಡಿಗೆಯ ವ್ಯತ್ಯಾಸ ವಾಪಸ್ ಕಟ್ಟಬೇಕು. ಆದಾಯ ಇಳಿದರೆ ಬಾಡಿಗೆಯೂ ಇಳಿಯುತ್ತದೆ. ಕಿರಿಕಿರಿ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅಜ್ಜಿ ಕಾಗದ ಹಿಡಿದು ಹೋಗಬೇಕಾದದ್ದು ಒಂದೇ ಆಫೀಸಿಗೆ, ಅದೂ ತಾನಿರುವ ಕಟ್ಟಡದ ಆಫೀಸಿಗೆ.

ನಮ್ಮಲ್ಲಿ ಬಡವರಿಗೆ ಮನೆ ಎಂದರೆ ಸ್ವಂತ ಮನೆ ಕಟ್ಟಲು ಕಂತಿನಲ್ಲಿ ದುಡ್ಡು. ಬಸವ ವಸತಿಯಾಗಲಿ, ಅಂಬೇಡ್ಕರ್ ನಿವಾಸವಾಗಲಿ, ಪಿಎಂ ಆವಾಸ್ ಆಗಲಿ, ಹೆಚ್ಚುಕಡಿಮೆ ಹೀಗೇ. ಪಂಚಾಂಗ, ಅಂದರೆ ತಳಪಾಯ, ಹಾಕಿದ ಮೇಲೆ ಫೋಟೋ, ಗೋಡೆ ಎದ್ದ ಮೇಲೆ ಫೋಟೋ, ಆಮೇಲೆ ಮುಂದಿನ ಕಂತು. ಎಪ್ಪತ್ತು ದಾಟಿದ ಒಂಟಿ ಹೆಂಗಸು ಕೆಂಪು ಕಲ್ಲು ತರಿಸಿ, ಮೇಸ್ತ್ರಿಯ ಹಿಂದೆ ಓಡಾಡಿ ಮನೆ ಎಬ್ಬಿಸುವುದು ಉಂಟಾ? ನಗರದ ಪಿಎಂ ಆವಾಸ್‌ಗೆ ಆರ್ಥಿಕವಾಗಿ ಹಿಂದುಳಿದವರೆಂದರೆ ವರ್ಷದ ಆದಾಯ 3 ಲಕ್ಷದೊಳಗಿನವರು. ಜೊತೆಗೆ ಕುಟುಂಬಕ್ಕೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಬಾಡಿಗೆಗೇ ಕೊಡುವ ಮನೆಗಳ ಯೋಜನೆ 2020ರಲ್ಲಿ ಬಂತು, ಅದು ಮುಖ್ಯವಾಗಿ ನಗರಕ್ಕೆ ದುಡಿಯಲು ಬಂದವರನ್ನು ನೋಡಿ ಮಾಡಿದ್ದು. 2024ರ ಎರಡನೇ ಸುತ್ತಿನಲ್ಲೂ ಬಾಡಿಗೆಯ ಭಾಗ ಉಂಟು. ನಮ್ಮ ಕಡೆಯ ಅಜ್ಜಿಯಂದಿರ ಬಾಯಲ್ಲಿ ಅದರ ಹೆಸರು ನಾನಂತೂ ಕೇಳಿಲ್ಲ.

ಹಾಗಾಗಿ ಬಾಡಿಗೆ ಎಂದರೆ ಬಿಡಾರ. ಸಾಲಾಗಿ ಕೋಣೆಗಳು, ಮುಂದೆ ಉದ್ದಕ್ಕೆ ಒಂದು ಜಗಲಿ, ಹಿಂದೆ ಬಚ್ಚಲು, ಎಲ್ಲರಿಗೂ ಒಂದು ಬಾವಿ. ಇಡೀ ಸಾಲಿಗೆ ಒಂದೇ ಡೋರ್ ನಂಬರ್, ಕರೆಂಟಿಗೆ ಒಂದೇ ಆರ್‌ಆರ್ ನಂಬರ್ (ಸಂಪರ್ಕದ ನಂಬರ್), ಒಳಗೆ ಧಣಿಗಳೇ, ಅಂದರೆ ಮನೆಯ ಮಾಲೀಕರೇ, ಹಾಕಿಸಿದ ಸಬ್‌ಮೀಟರ್‌ಗಳು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ 200 ಯುನಿಟ್‌ವರೆಗೆ ಉಚಿತ ಎಂದರು. ನಿಜವೇ. ಆದರೆ ಯೋಜನೆಗೆ ಗೊತ್ತಿರುವುದು ಆರ್‌ಆರ್ ನಂಬರ್, ಸಬ್‌ಮೀಟರ್ ಅಲ್ಲ. ಹೀಗಾಗಿ ಒಂದು ಬಲ್ಬು, ಒಂದು ಫ್ಯಾನ್ ಇರುವ ಅಜ್ಜಿ ಯುನಿಟ್ ಲೆಕ್ಕದಲ್ಲಿ ಧಣಿಗಳ ಕೈಗೆ ದುಡ್ಡು ಕೊಡುತ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಕೇಳಿದರೆ ‘ಅದೆಂತಕ್ಕೆ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂಬ ಮಾತು ಬರುತ್ತದೆ. ಅಗ್ರಿಮೆಂಟ್ ಇಲ್ಲದಿದ್ದರೆ ವಿಳಾಸಕ್ಕೆ ಆಧಾರ ಇಲ್ಲ. ಚಿಕ್ಕಮ್ಮನಿಗೆ ಮನೆ ನೋಡುವಾಗ ಬಾಡಿಗೆ ಎಷ್ಟೆಂದು ಕೇಳುವ ಮೊದಲು ಮೀಟರ್ ಪ್ರತ್ಯೇಕ ಉಂಟಾ, ಅಗ್ರಿಮೆಂಟ್ ಮಾಡಿಕೊಡುತ್ತೀರಾ ಎಂದು ಕೇಳಿ.

ಅರ್ಹತೆಯ ತಪಾಸಣೆ ನಮ್ಮಲ್ಲಿ ಇಲ್ಲ ಅಂದುಕೊಳ್ಳಬೇಡಿ. ಧಾರಾಳ ಉಂಟು. ಅದು ಮನೆಯ ಹೆಸರಿನಲ್ಲಿ ನಡೆಯುವುದಿಲ್ಲ, ರೇಷನ್ ಕಾರ್ಡಿನ ಹೆಸರಿನಲ್ಲಿ, ಪಿಂಚಣಿಯ ಹೆಸರಿನಲ್ಲಿ ನಡೆಯುತ್ತದೆ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ದಾಟಬಾರದು, ನಾಲ್ಕು ಚಕ್ರದ ಸ್ವಂತ ವಾಹನ ಇರಬಾರದು, ಪೇಟೆಯಲ್ಲಿ 1,000 ಚದರಡಿಗಿಂತ ದೊಡ್ಡ ಸ್ವಂತ ಮನೆ ಇರಬಾರದು. ಇಷ್ಟು ಓದಿ ‘ನಮ್ಮ ಅಜ್ಜಿಗೆ ಇದ್ಯಾವುದೂ ಇಲ್ಲ’ ಎಂದು ನಿಶ್ಚಿಂತೆಯಿಂದಿದ್ದವರಿಗೂ 2024ರ ನವೆಂಬರ್‌ನಲ್ಲಿ ಬಿಸಿ ತಟ್ಟಿತು. ಕಾರ್ಡುಗಳು ರದ್ದಾದವು, ಎಪಿಎಲ್ ಆದವು. ಕೊನೆಗೆ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು.

ನಮ್ಮ ಕರಾವಳಿಗೆ ಇದರಲ್ಲಿ ಇನ್ನೊಂದು ಗಂಟು ಉಂಟು, ಕುಟುಂಬದ ಮನೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಕಟ್ಟಿನ ಮನೆಗಳಲ್ಲಿ ಆರ್‌ಟಿಸಿ (ಪಹಣಿ) ತೆಗೆದರೆ ಹೆಸರುಗಳ ಸಾಲು. ಅದರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದಾರೆ, ಕೆಲವರು ಮುಂಬೈಯಲ್ಲಿ, ಕೆಲವರು ಮಸ್ಕತ್ತಿನಲ್ಲಿ. ಭೂತದ ಕೋಣೆ ಇರುವ ಆ ಮನೆಯಲ್ಲಿ ವರ್ಷಕ್ಕೊಮ್ಮೆ ತಂಬಿಲ (ಭೂತಕ್ಕೆ ಪೂಜೆ) ನಡೆಯುವುದು ಬಿಟ್ಟರೆ ಯಾರೂ ವಾಸ ಇಲ್ಲ. ಆದರೆ ಬಿಡಾರದಲ್ಲಿ ಬಾಡಿಗೆ ಕಟ್ಟುವ ಅಜ್ಜಿಯ ಹೆಸರು ಆ ಸಾಲಿನಲ್ಲಿ ಇದ್ದೇ ಇರುತ್ತದೆ. ‘ನಿಮಗೆ ಆಸ್ತಿ ಉಂಟಲ್ಲ’ ಎಂದು ಕೌಂಟರಿನವರು ಹೇಳಿದರೆ ಇಲ್ಲ ಎನ್ನಲಾಗದು, ಉಂಟು ಎನ್ನಲೂ ಆಗದು. ಬಿಡಿಸಿಕೊಳ್ಳಲು ಪಾಲುಪಟ್ಟಿ ಆಗಬೇಕು, ಪಾಲುಪಟ್ಟಿಗೆ ಎಲ್ಲರ ಸಹಿ ಬೇಕು, ಎಲ್ಲರೂ ಒಟ್ಟಿಗೆ ಸೇರುವುದು ನೇಮಕ್ಕೆ (ಭೂತಕೋಲಕ್ಕೆ) ಮಾತ್ರ; ಆ ದಿವಸ ಪಾಲಿನ ವಿಷಯ ತೆಗೆದರೆ ಊಟ ಮುಗಿಯುವ ಮೊದಲೇ ಜಗಳ.

ಪಿಂಚಣಿಗೆ ಬರುತ್ತೇನೆ. ಸಂಧ್ಯಾ ಸುರಕ್ಷಾ 2007ರಲ್ಲಿ ಶುರುವಾದದ್ದು. 65 ತುಂಬಿದ ಬಡವರಿಗೆ, ಸಣ್ಣ ರೈತರು, ಮೀನುಗಾರರು, ಅಸಂಘಟಿತ ಕಾರ್ಮಿಕರು ಮುಂತಾದವರಿಗೆ ತಿಂಗಳಿಗೆ 1,200 ರೂಪಾಯಿ. ಬೇರೆ ಯಾವ ಪಿಂಚಣಿಯೂ ಬರುತ್ತಿರಬಾರದು. ಈಗ ನಮ್ಮ ಜಿಲ್ಲೆಯ ಬೀಡಿ ಕಟ್ಟಿದ ಹೆಂಗಸರನ್ನು ನೋಡಿ. ಪಿಎಫ್ ಇದ್ದವರಿಗೆ ಇಪಿಎಸ್ ಪಿಂಚಣಿ ಬರುತ್ತದೆ, ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿ. ಆ ಸಾವಿರ ಬರುತ್ತಿರುವುದರಿಂದ 1,200 ಸಿಗುವುದಿಲ್ಲ. ಜೀವಮಾನವಿಡೀ ಕಂಪನಿಯ ಪಾಸ್‌ಬುಕ್ಕಿನಲ್ಲಿ ಬೀಡಿಯ ಲೆಕ್ಕ ಬರೆಸಿದವಳಿಗೆ ಪಾಸ್‌ಬುಕ್ಕೇ ಇಲ್ಲದವಳಿಗಿಂತ ಕಡಿಮೆ. ಇದನ್ನು ನ್ಯಾಯ ಎಂದು ನನಗೆ ಯಾರೂ ಅರ್ಥ ಮಾಡಿಸಲು ಸಾಧ್ಯವಿಲ್ಲ.

ಆ ಸಾವಿರಕ್ಕೂ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಬೇಕು. ನಮ್ಮ ಓಣಿಯ ಒಬ್ಬ ಅಜ್ಜಿಯನ್ನು ನಾನೇ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಹೆಬ್ಬೆರಳು ಒತ್ತಿದರೆ ಕೆಂಪು, ಪುನಃ ಕೆಂಪು. ಹುಡುಗ ಬಟ್ಟೆಯಲ್ಲಿ ಗಾಜು ಒರೆಸಿದ, ಅವರ ಬೆರಳಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿದ, ‘ಅಮ್ಮಾ, ಗಟ್ಟಿ ಒತ್ತಿ’ ಎಂದ. ‘ಎಷ್ಟು ಗಟ್ಟಿ ಒತ್ತುವುದು ಮಗ, ಗೆರೆ ಇದ್ದರಲ್ಲವಾ ಬರುವುದು? ಅದು ಎಲೆ ಸುರುಟಿ ಸುರುಟಿ ಹೋಯ್ತು’ ಎಂದು ಅವರು ಬೆರಳನ್ನು ಬೆಳಕಿಗೆ ಹಿಡಿದು ತೋರಿಸಿದರು. ನಿಜಕ್ಕೂ ನುಣ್ಣಗಿತ್ತು. ಆಮೇಲೆ ಮೊಬೈಲಿನಲ್ಲಿ ಮುಖ ತೋರಿಸಿ, ಕಣ್ಣು ಮಿಟುಕಿಸಿ ಆಯಿತು. ಮುಖದ ಮೂಲಕ ಮಾಡುವ ವ್ಯವಸ್ಥೆ 2021ರಿಂದ ಉಂಟು, ಕೇಳಿದರೆ ಮಾಡಿಕೊಡುತ್ತಾರೆ. ಕೇಳಬೇಕು.

ಇನ್ನು ಗಡಿ. ಕಾಸರಗೋಡು 1956ರ ನವೆಂಬರ್ 1ರವರೆಗೆ ನಮ್ಮದೇ ಜಿಲ್ಲೆ, ದಕ್ಷಿಣ ಕನ್ನಡದ ತಾಲೂಕು. ಈಗಲೂ ಉಪ್ಪಳ, ಮಂಜೇಶ್ವರದವರಿಗೆ ದೊಡ್ಡ ಆಸ್ಪತ್ರೆ ಎಂದರೆ ದೇರಳಕಟ್ಟೆ, ಮಂಗಳೂರು. 2020ರ ಮಾರ್ಚ್‌ನಲ್ಲಿ ಈ ಕಡೆಯಿಂದ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಆ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಚೆಯೇ ಉಳಿದರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಯಸ್ಸಾದವರು ಇರುವ ಮನೆಗಳು ಬಿಡಾರವನ್ನು ಈಚೆಗೆ ಹುಡುಕುವುದರ ಹಿಂದೆ ಆ ಹೆದರಿಕೆಯೂ ಉಂಟೆಂದು ನನ್ನ ಅಂದಾಜು.

ಈಚೆ ಬಂದರೆ ಏನಾಗುತ್ತದೆ? ಕೇರಳದ ಕ್ಷೇಮ ಪಿಂಚಣಿ 60ಕ್ಕೇ ಶುರು. ಮೊತ್ತ 1,600 ಇದ್ದದ್ದು 2025ರ ನವೆಂಬರ್‌ನಿಂದ 2,000 ಆಯಿತು. ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷದೊಳಗಿರಬೇಕು. ಬೇಕೆಂದವರಿಗೆ ಸಹಕಾರಿ ಬ್ಯಾಂಕಿನವರು ಮನೆಗೇ ತಂದು ಕೈಗೆ ಕೊಡುತ್ತಾರೆ, ಇದು ಒಳ್ಳೆಯ ಪದ್ಧತಿ, ನಮ್ಮಲ್ಲೂ ಬರಬೇಕು. ಪ್ರತಿವರ್ಷ ಅಲ್ಲಿಯ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಮಸ್ಟರಿಂಗ್, ಅಂದರೆ ಬದುಕಿದ್ದೇನೆ ಎಂದು ತೋರಿಸುವುದು, ಆಗಬೇಕು. ಹಾಸಿಗೆ ಹಿಡಿದವರಿದ್ದರೆ ಮನೆಗೆ ಬಂದು ಮಾಡುತ್ತಾರೆ, ಆದರೆ ಆ ಮನೆ ಕೇರಳದಲ್ಲಿರಬೇಕಲ್ಲ. ಆಧಾರ್ ವಿಳಾಸ ತೊಕ್ಕೊಟ್ಟಿಗೆ ಬದಲಿಸಿದಿರೋ, ನಿಮ್ಮ ಚಿಕ್ಕಮ್ಮ ಅಲ್ಲಿಯ ನಿವಾಸಿ ಅಲ್ಲ. 2,000 ನಿಲ್ಲುತ್ತದೆ. ಈಚೆಯ 1,200 ತನ್ನಿಂದ ತಾನೇ ಶುರುವಾಗುವುದಿಲ್ಲ. 65 ಆಗಿರಬೇಕು, ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಗ್ರಾಮ ಆಡಳಿತಾಧಿಕಾರಿ ಬಂದು ವಿಚಾರಿಸಬೇಕು.

ರೇಷನ್ ಕಾರ್ಡಿನ ವಿಷಯದಲ್ಲಿ ಅಷ್ಟು ಹೆದರಬೇಕಾಗಿಲ್ಲ. ಅವರ ಕಾರ್ಡಿನ ಬಣ್ಣ ನೋಡಿ. ಹಳದಿ ಅಥವಾ ಗುಲಾಬಿ ಆಗಿದ್ದರೆ, ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ತೊಕ್ಕೊಟ್ಟಿನ ನ್ಯಾಯಬೆಲೆ ಅಂಗಡಿಯಲ್ಲೇ ಕೇಂದ್ರದ ಪಾಲಿನ ಅಕ್ಕಿ ತೆಗೆಯಬಹುದು. ಕರ್ನಾಟಕ ತನ್ನ ಕಡೆಯಿಂದ ಸೇರಿಸಿ ಕೊಡುವ ಪಾಲು ಸಿಗುವುದಿಲ್ಲ. ನೀಲಿ, ಬಿಳಿ ಕಾರ್ಡಿಗೆ ಈ ಸೌಲಭ್ಯ ಇಲ್ಲ. ಮತ್ತೆ, ಆಚೆ ಕುಚಲಕ್ಕಿ ತಿಂದು ಬಂದವರಿಗೆ ಈಚೆಯ ರೇಷನ್ನಿನ ಬೆಳ್ತಿಗೆ (ಬಿಳಿ ಅಕ್ಕಿ) ಗಂಟಲಲ್ಲಿ ಇಳಿಯುವುದಿಲ್ಲ. ಕರಾವಳಿಗೆ ಕುಚಲಕ್ಕಿ ಕೊಡಿ ಎಂದು ನಾವು ಕೇಳುತ್ತಾ ಬಂದದ್ದು ಎಷ್ಟೋ ವರ್ಷ ಆಯಿತು.

ಕಾರ್ಡನ್ನೇ ಈಚೆಗೆ ತರುತ್ತೇನೆ ಎಂದು ಹೊರಟರೆ ಜಾಗ್ರತೆ. ಅಲ್ಲಿನ ಸಪ್ಲೈ ಆಫೀಸಿನಲ್ಲಿ ಹೆಸರು ತೆಗೆಸಿ ಕಾಗದ ತರಬೇಕು. ಆಮೇಲೆ ಇಲ್ಲಿ ಹೊಸ ಬಿಪಿಎಲ್ ಕಾರ್ಡಿಗೆ ಅರ್ಜಿ ತೆಗೆದುಕೊಳ್ಳುವುದು ಯಾವಾಗ ತೆರೆಯುತ್ತದೋ ಕಾಯಬೇಕು. ಅಲ್ಲಿಯವರೆಗೆ ಅವರಿಗೆ ಎರಡೂ ಇಲ್ಲ. ಗೃಹಲಕ್ಷ್ಮಿಯ 2,000 ಕೂಡ ಕರ್ನಾಟಕದ ಕಾರ್ಡಿನಲ್ಲಿ ಯಜಮಾನಿ ಆಗಿದ್ದವರಿಗೆ ಮಾತ್ರ. ಶಕ್ತಿ ಯೋಜನೆಯ ಉಚಿತ ಬಸ್ಸಿಗೂ ಕರ್ನಾಟಕದ ವಿಳಾಸ ಬೇಕು. ಅದರ ಬಗ್ಗೆ ಬೇಸರ ಮಾಡಬೇಡಿ, ನಮ್ಮ ಮಂಗಳೂರು, ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಕರ್ನಾಟಕದ ಆಧಾರ್ ಇರುವ ನಮ್ಮ ಹೆಂಗಸರೂ ಟಿಕೆಟ್ ತೆಗೆದೇ ಹೋಗುತ್ತಾರೆ.

ಇದನ್ನೆಲ್ಲ ಗೊತ್ತಿದ್ದೇ ಇಲ್ಲಿ ಅನೇಕರು ಮಲಗುವುದು ಈಚೆ, ಕಾರ್ಡಿನಲ್ಲಿ ಇರುವುದು ಆಚೆ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಮಸ್ಟರಿಂಗ್ ಮಾಡಿಸಿ, ಸಂಬಂಧಿಕರ ಮನೆಯಲ್ಲಿ ಊಟ ಮಾಡಿ ಸಂಜೆಗೆ ವಾಪಸ್. ನಿಯಮದ ಪ್ರಕಾರ ಇದು ಸರಿಯಲ್ಲ, ಹಾಗೆ ಮಾಡಿ ಎಂದು ನಾನು ನಿಮಗೆ ಹೇಳುವುದಿಲ್ಲ. ಪಂಚಾಯತಿನವರು ಸ್ಥಳಕ್ಕೆ ಬಂದು ನೋಡಿದ ದಿನ ಪಿಂಚಣಿ ನಿಂತರೆ ಕೇಳುವ ಹಾಗೂ ಇಲ್ಲ. ಆದರೆ ಅವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಎರಡು ಕಡೆ ತಿನ್ನುವವರು ಬೇರೆ, ಅವರನ್ನು ಹಿಡಿಯಲಿ. ಇವರು ತೆಗೆದುಕೊಳ್ಳುತ್ತಿರುವುದು ಒಂದೇ ಕಡೆಯಿಂದ. ಬಡತನ ಸುಳ್ಳಲ್ಲ, ವಿಳಾಸ ಮಾತ್ರ ಹಳೆಯದು. ಅಕ್ಕಿಯನ್ನು ಎಲ್ಲಿ ಬೇಕಾದರೂ ತೆಗೆಯಬಹುದು ಎಂದು ಮಾಡಿದ ದೇಶಕ್ಕೆ ಪಿಂಚಣಿಯನ್ನೂ ಹಾಗೆ ಮಾಡಲು ಬರುವುದಿಲ್ಲವಾ?

ಇನ್ನೊಂದು ಮಾತು, ನೀವು ಕೇಳದಿದ್ದರೂ. ಉಪ್ಪಳದಲ್ಲಿ ಅವರ ಹೆಸರಿನಲ್ಲಿ ಮನೆ ಇದ್ದರೆ, ಹೊರಡುವ ಅವಸರದಲ್ಲಿ ಯಾರಿಗೂ ದಾನಪತ್ರ ಬರೆದುಕೊಡಬೇಡಿ. ಬರೆಯಲೇಬೇಕೆಂದಿದ್ದರೆ ‘ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ನಮ್ಮಲ್ಲಿ ಅಸಿಸ್ಟೆಂಟ್ ಕಮಿಷನರ್ ಮುಂದೆ ಈ ಅರ್ಜಿ ನಡೆಯುತ್ತದೆ; ಉಡುಪಿಯವರಾದರೆ ಕುಂದಾಪುರಕ್ಕೆ ಹೋಗಬೇಕು.

ನಿಮ್ಮ ಚಿಕ್ಕಮ್ಮನ ವಯಸ್ಸು ಬರೆಯಲಿಲ್ಲ ನೀವು. 65 ಆಗದಿದ್ದರೆ ಸದ್ಯಕ್ಕೆ ಆಧಾರ್ ಮುಟ್ಟಬೇಡಿ. ಆಸ್ಪತ್ರೆಗೆ ಬಂದು ಹೋಗುವುದೇ ಕಾರಣವಾಗಿದ್ದರೆ ಬಿಡಾರವನ್ನು ಗಡಿಯ ಆ ಬದಿಯಲ್ಲೇ ನೋಡಿ, ಕುಂಜತ್ತೂರು ಅಥವಾ ಹೊಸಂಗಡಿಯಲ್ಲಿ. ಹೆದ್ದಾರಿಯ ಬದಿ, ಮಂಗಳೂರು ಬಸ್ಸು ಬೇಕಾದಷ್ಟು ಉಂಟು, ಪಿಂಚಣಿಗೂ ಕಾರ್ಡಿಗೂ ತೊಂದರೆ ಇಲ್ಲ. 65 ದಾಟಿ, ಇನ್ನು ಪೂರ್ತಿ ಈಚೆಯೇ ಎಂದು ತೀರ್ಮಾನ ಮಾಡಿದ್ದರೆ ಮೊದಲು ಪ್ರತ್ಯೇಕ ಮೀಟರ್ ಇರುವ ಮನೆ, ಅಗ್ರಿಮೆಂಟ್, ಆಮೇಲೆ ಆಧಾರ್, ಅದರ ನಂತರ ಪಿಂಚಣಿ ಅರ್ಜಿ. ನಡುವಿನ ತಿಂಗಳುಗಳ ಖರ್ಚು ನೀವು ಕೊಡಬೇಕಾಗುತ್ತದೆ, ಅದನ್ನು ಈಗಲೇ ಮನೆಯವರ ಹತ್ತಿರ ಮಾತಾಡಿಕೊಳ್ಳಿ.