ಸೀನಿಯರ್ ನೆಟ್‌ವರ್ಕ್ ಇಂಜಿನಿಯರ್‌ಗೆ ದಿನವಿಡೀ ಅಷ್ಟೊಂದು ಏನು ಕೆಲಸ ಇರುತ್ತೆ?

ಕೇಬಲ್ ಹಾಕುವುದು, ರೂಟರ್ ಆನ್ ಮಾಡುವುದು ಎಲ್ಲ ಚಿಕ್ಕ ಪಾಲು. ಜಾಸ್ತಿ ಹೊತ್ತು ಹೋಗುವುದು ತಪ್ಪು ನೆಟ್‌ವರ್ಕ್‌ದಲ್ಲ ಅಂತ ಸಾಬೀತು ಮಾಡುವುದರಲ್ಲೇ. ಆ್ಯಪ್ ನಿಧಾನವಾದರೂ, ಸರ್ವರ್ ಡಿಸ್ಕ್ ತುಂಬಿದರೂ ಟಿಕೆಟ್ (ದೂರು) ಮೊದಲು ಬರುವುದು ಇವರ ಹತ್ತಿರವೇ. ಸುಲಭದ್ದನ್ನೆಲ್ಲ ಜೂನಿಯರ್‌ಗಳು ಮುಗಿಸಿರುತ್ತಾರೆ, ಉಳಿಯುವುದು ತಲೆ ತಿನ್ನುವ ಕೇಸ್‌ಗಳು. ವಿಪಿಎನ್‌ನಲ್ಲಿ (ಇಂಟರ್ನೆಟ್ ಮೇಲೆ ಆಫೀಸ್ ನೆಟ್‌ವರ್ಕ್‌ಗೆ ಹಾಕುವ ಖಾಸಗಿ ದಾರಿ, ಅಂದರೆ ಟನಲ್) ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಚಿಕ್ಕ ಸಂದೇಶ) ಹೋಗುತ್ತದೆ, ಲಾಗಿನ್ ಕೂಡ ಆಗುತ್ತದೆ, ಆದರೆ ದೊಡ್ಡ ಫೈಲ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಕಾರಣ ಹೀಗಿರಬಹುದು: 1500 ಬೈಟ್‌ನ ಪ್ಯಾಕೆಟ್‌ಗೆ (ಡೇಟಾದ ತುಂಡಿಗೆ) ಟನಲ್‌ನ ಹೆಡರ್ (ವಿಳಾಸದಂಥ ಹೆಚ್ಚುವರಿ ಮಾಹಿತಿ) ಸೇರಿದ ಮೇಲೆ ಅದು ದಾರಿಯಲ್ಲಿ ಹಿಡಿಸುವುದಿಲ್ಲ, 'ಚಿಕ್ಕದು ಮಾಡಿ ಕಳಿಸು' ಅನ್ನುವ ಐಸಿಎಂಪಿ (ನೆಟ್‌ವರ್ಕ್ ಸಾಧನಗಳು ತೊಂದರೆ ತಿಳಿಸುವ) ಸಂದೇಶವನ್ನು ನಡುವಿನ ಯಾವುದೋ ಫೈರ್‌ವಾಲ್ ತಡೆದಿರುತ್ತದೆ. ಪ್ಯಾಕೆಟ್ ಕ್ಯಾಪ್ಚರ್ (ಓಡಾಡಿದ ಪ್ಯಾಕೆಟ್‌ಗಳ ದಾಖಲೆ) ನೋಡಿ ಇದನ್ನು ಹುಡುಕಲು ಗಂಟೆಗಟ್ಟಲೆ ಬೇಕು, ನಡುನಡುವೆ 'ಆಯ್ತಾ?' ಅಂತ ಮೆಸೇಜ್ ಬೇರೆ.

ಮೀಟಿಂಗ್, ಡಾಕ್ಯುಮೆಂಟೇಶನ್ ಹೇಗೂ ಇದ್ದದ್ದೇ.

ದೊಡ್ಡ ಬದಲಾವಣೆಗಳು ಹೆಚ್ಚಾಗಿ ರಾತ್ರಿಯೇ, ಹಗಲು ಕೆಲಸ ಮಾಡಿದ್ದರೂ ಸರಿ. ದೂರದ ಸಿಸ್ಕೋ ರೂಟರ್ ಮುಟ್ಟುವ ಮುಂಚೆ 'ರೀಲೋಡ್ ಇನ್ 10' ಅಂತ ಕಮಾಂಡ್ ಕೊಡುವುದು ಹಳೇ ಅಭ್ಯಾಸ. ಕನೆಕ್ಷನ್ ಕಡಿದುಹೋದರೆ 10 ನಿಮಿಷಕ್ಕೆ ರೂಟರ್ ತಾನೇ ರೀಬೂಟ್ ಆಗಿ, ಸೇವ್ ಆಗಿದ್ದ ಹಳೇ ಕಾನ್ಫಿಗರೇಶನ್‌ಗೆ (ಸೆಟ್ಟಿಂಗ್‌ಗಳಿಗೆ) ಮರಳುತ್ತದೆ. ಎಲ್ಲ ಸರಿಹೋದರೆ ಆ ರೀಲೋಡ್ ಕ್ಯಾನ್ಸಲ್ ಮಾಡಲು ಮರೆಯಬಾರದು, ಅಷ್ಟೇ.