ವಿಜಯಪುರದ ಧೂಳಿಗೆ ರೋಬೋಟ್ ವ್ಯಾಕ್ಯೂಮ್: ಮೊದಲು ಹೊಸ್ತಿಲು ಅಳೆಯಿರಿ

ನೀವು ಕೇಳಿದ್ದು ಇಷ್ಟು: ವಿಜಯಪುರದಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಟೈಲ್ಸ್ ಕೆಲಸ ನಡೆದಿದೆ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುತ್ತೀರಿ, ಅತ್ತೆಯವರಿಗೆ ಮೊಣಕಾಲು ನೋವು. 30 ಸಾವಿರದೊಳಗೆ ಯಾವ ರೋಬೋಟ್ ವ್ಯಾಕ್ಯೂಮ್ ತಗೋಬೇಕು, ಅದು ನಮ್ಮೂರ ಧೂಳಿಗೆ ತಡೆಯುತ್ತಾ?

ತಡೆಯುತ್ತದೆ. ಆದರೆ ಮೆಷಿನ್ ನೋಡುವ ಮೊದಲು ಟೇಪು ಹಿಡಿದು ಮನೆ ಅಳೆಯಬೇಕು. ನಾನು ಇದನ್ನು ಉಲ್ಟಾ ಮಾಡಿ ಹನ್ನೆರಡು ಸಾವಿರ ಕಳೆದುಕೊಂಡವಳು.

ನಮ್ಮದು ಸೋಲಾಪುರ ರಸ್ತೆ ಕಡೆ ಹಳೇ ಮನೆ. ಪಡಸಾಲೆಗೆ ಪರಸಿ ಕಲ್ಲು, ಆಮೇಲೆ ಕಟ್ಟಿಸಿದ ಎರಡು ಕೋಣೆಗೆ ಟೈಲ್ಸ್. ನಾಲ್ಕು ವರ್ಷದ ಹಿಂದೆ ಆನ್‌ಲೈನ್ ಸೇಲಿನಲ್ಲಿ ಸಿಕ್ಕಿತೆಂದು ಒಂದು ಅಗ್ಗದ ಮೆಷಿನ್ ತರಿಸಿದೆ. ಮೊದಲ ದಿನ ಪಡಸಾಲೆಯಲ್ಲಿ ಬಿಟ್ಟರೆ ಗೋಡೆಗೆ ಬಡಿಯಿತು, ತಿರುಗಿತು, ದಿವಾನದ ಕಾಲಿಗೆ ಬಡಿಯಿತು, ಮತ್ತೆ ತಿರುಗಿತು. ಅರ್ಧ ಗಂಟೆ ಒಂದೇ ಮೂಲೆಯಲ್ಲಿ ಗಿರಕಿ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇದೇನವ್ವ, ದಾರಿ ತಪ್ಪಿದ ಆಮಿ ಆಗೇತಲ್ಲ" ಅಂದರು. ಕೋಣೆಯ ಹೊಸ್ತಿಲ ಹತ್ತಿರ ಹೋದಾಗಲಂತೂ ಹಾವು ಕಂಡಂತೆ ಹಿಂದೆ ಸರಿಯುತ್ತಿತ್ತು.

ಕೆಟ್ಟಿದೆ ಅಂದುಕೊಂಡು ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಪಿನ್‌ಕೋಡಿಗೆ ನಮ್ಮ ಸರ್ವಿಸ್ ಇಲ್ಲ, ಕೊರಿಯರ್ ಮಾಡಿ ಅಂದರು. ಡಬ್ಬಿ ಆಗಲೇ ರದ್ದಿಗೆ ಹೋಗಿತ್ತು. ಕಂಪನಿ ಹೆಸರು ಇಲ್ಲಿ ಬೇಡ ಬಿಡಿ. ನಿಜ ಹೇಳಬೇಕೆಂದರೆ ಮೆಷಿನ್ ಕೆಟ್ಟಿರಲೇ ಇಲ್ಲ, ಅದು ನಮ್ಮ ಮನೆಗೆ ಹೊಂದುವ ಮೆಷಿನ್ ಆಗಿರಲಿಲ್ಲ ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ಈ ಮೆಷಿನ್‌ಗಳು ಸಾಮಾನ್ಯವಾಗಿ 2 ಸೆಂಟಿಮೀಟರ್ ಎತ್ತರದವರೆಗೆ ಹತ್ತುತ್ತವೆ. ನಮ್ಮ ಕಡೆ ಹೊಸ್ತಿಲು ಅಂದರೆ ಅದರ ಗತ್ತೇ ಬೇರೆ ಅಲ್ವಾ? ಅರಿಶಿನ ಕುಂಕುಮ ಹಚ್ಚುವ ಜಾಗ, ಎತ್ತರ ಇದ್ದರೇ ಶೋಭೆ. ನಮ್ಮನೆಯದು ಮೂರೂವರೆ ಸೆಂಟಿಮೀಟರ್. ಇದು ಒಂದು ಕಾರಣ.

ಇನ್ನೊಂದು ಕಾರಣ ಬಣ್ಣ. ಮೆಷಿನ್ ಮೆಟ್ಟಿಲಿನಿಂದ ಉರುಳಿ ಬೀಳಬಾರದು ಎಂದು ಅದರ ಹೊಟ್ಟೆಯ ಕೆಳಗೆ ಸೆನ್ಸರ್ ಇರುತ್ತವೆ. ಅವು ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ವಾಪಸ್ ಬರುತ್ತದಾ ಎಂದು ನೋಡುತ್ತವೆ. ಬಂದರೆ ನೆಲ ಇದೆ, ಬಾರದಿದ್ದರೆ ಮುಂದೆ ಗುಂಡಿ. ಕಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ಕರಿ ಗ್ರಾನೈಟ್ ಹೊಸ್ತಿಲು, ಕಡಪಾ ಕಲ್ಲು, ಜಮಖಾನದ ಕಪ್ಪು ಪಟ್ಟಿ, ಇವೆಲ್ಲ ಕೆಲವು ಮೆಷಿನ್‌ಗಳಿಗೆ ಬಾವಿ ಇದ್ದಂತೆ. ಎಲ್ಲ ಮೆಷಿನ್ ಹೀಗೆ ಹೆದರುವುದಿಲ್ಲ, ಪಾಲಿಶ್ ಮಾಡಿದ ಗ್ರಾನೈಟ್ ದಾಟುವವೂ ಇವೆ. ಆದರೆ ಮನೆಯಲ್ಲಿ ಕಪ್ಪು ನೆಲ ಇದ್ದರೆ, ಕೊಳ್ಳುವ ಮೊದಲು ಆ ಮಾಡೆಲ್ ಬಗ್ಗೆ ಜನ ಏನು ಬರೆದಿದ್ದಾರೆ ಎಂದು ಹುಡುಕಿ ಓದಿ.

ಎರಡನೇ ಮೆಷಿನ್ ತರುವ ಮೊದಲು ನಾನು ಬಡಿಗೇರ ಹತ್ತಿರ ಎರಡು ಕಟ್ಟಿಗೆ ಇಳಿಜಾರು ಮಾಡಿಸಿ, ಬಿಳಿ ಬಣ್ಣ ಬಳಿದು, ಹೊಸ್ತಿಲಿನ ಎರಡೂ ಬದಿಗೆ ಇಟ್ಟೆ. ಈಗ ಸಲೀಸಾಗಿ ದಾಟುತ್ತದೆ. ನಾವೇ ಆಗಾಗ ಅದಕ್ಕೆ ಎಡವುತ್ತೇವೆ, ಅದು ಬೇರೆ ಮಾತು.

ಮೆಷಿನ್ ಆರಿಸುವಾಗ ನಾನು ಮೊದಲು ನೋಡುವುದು ಅದು ದಾರಿ ಹೇಗೆ ಹಿಡಿಯುತ್ತದೆ ಎಂದು. ಅಗ್ಗದವು ಗೈರೋಸ್ಕೋಪ್ (ಎತ್ತ ತಿರುಗಿದೆ ಎಂದು ತಿಳಿಸುವ ಸೆನ್ಸರ್) ನಂಬಿಕೊಂಡು ಅಂದಾಜಿನ ಮೇಲೆ ತಿರುಗುತ್ತವೆ. ಕೆಲವಕ್ಕೆ ಕ್ಯಾಮೆರಾ ಇರುತ್ತದೆ, ಅದರ ಕಣ್ಣಿಗೆ ಬೆಳಕು ಬೇಕು. ನೀವು ಕಿಟಕಿ ಹಾಕಿಕೊಂಡು ಕೆಲಸಕ್ಕೆ ಹೋದರೆ ಕತ್ತಲೆಯಲ್ಲಿ ಅದು ತಡವರಿಸುತ್ತದೆ. ನಮ್ಮೂರ ಏಪ್ರಿಲ್ ತಿಂಗಳಲ್ಲಿ ಹಗಲು ಕಿಟಕಿ ತೆರೆದಿಡುವವರು ಯಾರಿದ್ದಾರೆ? ಮೂರನೆಯದು ಲೈಡಾರ್. ತಲೆಯ ಮೇಲೆ ಒಂದು ಸಣ್ಣ ಗುಮ್ಮಟ ಇರುತ್ತದೆ (ಗೋಳಗುಮ್ಮಟದ ಊರಿನವರಿಗೆ ಇದಕ್ಕಿಂತ ಒಳ್ಳೆ ಗುರುತು ಬೇಡ), ಅದರೊಳಗೆ ಲೇಸರ್ ಸುತ್ತುತ್ತಾ ಗೋಡೆ, ಕಂಬ, ಕುರ್ಚಿ ಕಾಲು ಎಲ್ಲ ಅಳೆದು ಮನೆಯ ನಕ್ಷೆ ಬರೆದುಕೊಳ್ಳುತ್ತದೆ. ಕತ್ತಲೆಯಲ್ಲೂ ನಡೆಯುತ್ತದೆ. ಹೊಲದಲ್ಲಿ ಸಾಲು ಹೊಡೆದಂತೆ ನೇರ ಹೋಗಿ ನೇರ ಬರುತ್ತದೆ. ನಿಮ್ಮ ಬಜೆಟ್ಟಿನಲ್ಲಿ ಲೈಡಾರ್ ಇಲ್ಲದ್ದನ್ನು ಮುಟ್ಟಲೂ ಬೇಡಿ.

ಅದಕ್ಕೂ ಎರಡು ಸಣ್ಣ ತೊಂದರೆ ಇವೆ. ಗಾಜು ಮತ್ತು ನೆಲದವರೆಗೆ ಇರುವ ಕನ್ನಡಿ ಲೇಸರಿಗೆ ಮೋಸ ಮಾಡುತ್ತವೆ. ಮತ್ತೆ, ಆ ಗುಮ್ಮಟದಿಂದಾಗಿ ಎತ್ತರ ಸುಮಾರು 9 ರಿಂದ 10 ಸೆಂಟಿಮೀಟರ್ ಆಗುತ್ತದೆ. ಮಂಚ, ದಿವಾನ, ಕಪಾಟಿನ ಕೆಳಗೆ ಅಷ್ಟು ಜಾಗ ಇದೆಯಾ ಎಂದು ಟೇಪು ಇಟ್ಟು ನೋಡಿ. ಮೊಣಕಾಲು ನೋವಿನವರಿಗೆ ಕಸ ಹೊಡೆಯಲು ಕಷ್ಟ ಆಗುವುದೇ ಮಂಚದ ಕೆಳಗೆ. ಅಲ್ಲಿಗೇ ಹೋಗದ ಮೆಷಿನ್ ಯಾಕೆ ಬೇಕು?

ಇನ್ನು ಪಾಸ್ಕಲ್ ಅನ್ನೋ ಲೆಕ್ಕ. 4000, 6000, 8000 ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದು ಎಳೆಯುವ ಒತ್ತಡದ ಅಳತೆ, ನೆಲ ಎಷ್ಟು ಸ್ವಚ್ಛ ಆಗುತ್ತದೆ ಎಂಬುದರ ಅಳತೆ ಅಲ್ಲ. ದಪ್ಪ ಕಾರ್ಪೆಟ್ ಇದ್ದವರಿಗೆ ಅದರ ಅಗತ್ಯ ಜಾಸ್ತಿ. ನಮ್ಮಂಥ ಟೈಲ್ಸ್ ಮನೆಗೆ 3000-4000 ಧಾರಾಳ ಸಾಕು. ಪರಸಿ ಕಲ್ಲಿನ ಸಂದಿಯಲ್ಲಿ ಕೂತ ಮಣ್ಣು ತೆಗೆಯಬೇಕಾದರೆ ಸ್ವಲ್ಪ ಹೆಚ್ಚಿನದು ಇರಲಿ. ಆ ಅಂಕಿಯ ಹಿಂದೆ ಬಿದ್ದು ಐದು ಸಾವಿರ ಜಾಸ್ತಿ ಕೊಡಬೇಡಿ.

ನಮ್ಮೂರ ಧೂಳಿನ ಕಥೆಯೇ ಬೇರೆ. ಇದು ಎರೆ ಮಣ್ಣಿನ ಸೀಮೆ. ಒಣಗಿದ ಎರೆ ಮಣ್ಣು ಜೋಳದ ಹಿಟ್ಟಿಗಿಂತ ಸಣ್ಣಗಾಗಿ ಹಾರುತ್ತದೆ, ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಇಂಥ ಧೂಳನ್ನು ಮೆಷಿನ್ ಎಳೆದುಕೊಳ್ಳುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಳೆದದ್ದು ಹೋಗಿ ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಮೋಟರ್ ಎಷ್ಟು ಕೂಗಿದರೂ ಗಾಳಿ ಎಳೆಯುವುದಿಲ್ಲ. ಆಗ ಮೆಷಿನ್ ಮನೆಯೆಲ್ಲ ಸುತ್ತಿ ಬರುತ್ತದೆ, ಕಸ ಅಲ್ಲೇ ಇರುತ್ತದೆ. ಬಹಳ ಜನ ಈ ಹಂತದಲ್ಲೇ "ಇದು ನಮ್ಮ ಕಡೆ ನಡೆಯಲ್ಲ" ಎಂದು ಅಟ್ಟಕ್ಕೆ ಎಸೆಯುತ್ತಾರೆ.

ನಾನು ಎರಡು ದಿನಕ್ಕೊಮ್ಮೆ ಅಂಗಳದಲ್ಲಿ ಫಿಲ್ಟರ್ ಬಡಿದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜುತ್ತೇನೆ. ಬೇಸಿಗೆಯಲ್ಲಿ ದಿನಾ. ತೊಳೆಯಬಹುದು ಎಂದು ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ತೊಳೆಯಿರಿ. ತೊಳೆದರೆ ಒಂದು ಇಡೀ ದಿನ ನೆರಳಲ್ಲಿ ಒಣಗಲಿ. ಹಸಿ ಫಿಲ್ಟರ್ ಹಾಕಿದರೆ ಧೂಳು ಅದರ ಮೇಲೆ ಕೆಸರಾಗಿ ಕೂರುತ್ತದೆ, ವಾಸನೆಯೂ ಬರುತ್ತದೆ. ಮೆಷಿನ್ ಜೊತೆಗೇ ಎರಡು ಹೆಚ್ಚಿನ ಫಿಲ್ಟರ್ ತಗೊಂಡಿರಿ, ಒಂದು ಒಣಗುವಾಗ ಇನ್ನೊಂದು ಓಡುತ್ತದೆ. ಕೊಳ್ಳುವ ಮೊದಲು ಆ ಮಾಡೆಲ್‌ನ ಫಿಲ್ಟರ್, ಪಕ್ಕದ ಬ್ರಷ್ ಬಿಡಿಯಾಗಿ ಸಿಗುತ್ತವಾ ಎಂದು ಹುಡುಕಿ. ಸಿಗದಿದ್ದರೆ ಆ ಮಾಡೆಲ್ ಬಿಟ್ಟುಬಿಡಿ.

ಹೊಸ ಮನೆಯವರಿಗೆ ಇನ್ನೊಂದು ಮಾತು. ಸಿಮೆಂಟು, ಪುಟ್ಟಿ, ಟೈಲ್ಸ್ ಕೊಯ್ದ ಪುಡಿ, ಇದರ ಮೇಲೆ ರೋಬೋಟ್ ಬಿಡಲೇಬೇಡಿ. ಆ ಪುಡಿ ಫಿಲ್ಟರಿನ ಜೊತೆ ಮೋಟರನ್ನೂ ಹಾಳು ಮಾಡುತ್ತದೆ. ಗೃಹಪ್ರವೇಶ ಆಗಿ, ನಾಲ್ಕಾರು ಸಲ ನೀರು ಹಾಕಿ ತೊಳೆದ ಮೇಲೆ ತನ್ನಿ.

ಒರೆಸುವ ಕೆಲಸಕ್ಕೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಡಿಮೆ ಬೆಲೆಯವು ಒದ್ದೆ ಬಟ್ಟೆ ಎಳೆದುಕೊಂಡು ಹೋಗುತ್ತವೆ, ಅಷ್ಟೇ. ಸ್ವಲ್ಪ ದುಬಾರಿಯವಕ್ಕೆ ಅದುರುವ ಪ್ಯಾಡು ಅಥವಾ ತಿರುಗುವ ಎರಡು ಪ್ಯಾಡು ಇರುತ್ತವೆ, ಅವು ವಾಸಿ. ಆದರೆ ನಮ್ಮ ಧೂಳಿನಲ್ಲಿ ಗುಡಿಸುವುದು, ಒರೆಸುವುದು ಒಟ್ಟಿಗೆ ಮಾಡಿಸಿದರೆ ನೆಲದ ಮೇಲೆ ತೆಳ್ಳಗೆ ಕೆಸರಿನ ಗೆರೆ ಬೀಳುತ್ತವೆ. ಮೊದಲು ಒಣ ಗುಡಿಸಲಿ, ಆಮೇಲೆ ಬೇರೆಯಾಗಿ ಒರೆಸಲಿ. ಬೋರಿನ ಗಡಸು ನೀರು ಹಾಕಿದರೆ ಟ್ಯಾಂಕಿನ ಸಣ್ಣ ತೂತಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನಾನು ಕುಡಿಯುವ ಫಿಲ್ಟರ್ ನೀರನ್ನೇ ಹಾಕುತ್ತೇನೆ, ಒಂದು ಸಲಕ್ಕೆ ಕಾಲು ಲೀಟರ್ ಸಾಕು. ಫಿನಾಯಿಲ್ ಬೇಡ, ಪೈಪು ರಬ್ಬರು ಕೆಡುತ್ತವೆ. ಒಗ್ಗರಣೆಯ ಎಣ್ಣೆ ಸಿಡಿದ ಅಡುಗೆ ಮನೆಗೆ ಇಂದಿಗೂ ಕೈಯೇ ಗತಿ. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ ಮೊದಲ ದಿನ ಇದನ್ನು ನೋಡಿ, "ಅಕ್ಕಾರ, ಇದಕ್ಕ ನಾ ಹಾದಿ ಬಿಡಬೇಕೇನ್ರಿ?" ಎಂದು ನಕ್ಕಿದ್ದರು. ಈಗಲೂ ವಾರಕ್ಕೆ ಮೂರು ದಿನ ನೆಲ ಒರೆಸುವುದು ಅವರೇ. ದಿನಾ ಗುಡಿಸುವುದು ಮಾತ್ರ ಮೆಷಿನ್ ಪಾಲಿಗೆ.

ಮೆಷಿನ್ ಬಂದು ನಿಂತು ಚಾರ್ಜ್ ಆಗುವ ಸ್ಟ್ಯಾಂಡಿಗೆ ಡಾಕ್ ಅನ್ನುತ್ತಾರೆ. ತಾನೇ ಕಸ ಖಾಲಿ ಮಾಡಿಕೊಳ್ಳುವ ದೊಡ್ಡ ಡಾಕ್ ಇರುವ ಮಾಡೆಲ್ ನಿಮ್ಮ ಬಜೆಟ್ಟಿಗೆ ಬಂದರೆ ತಗೊಳ್ಳಿ, ಅತ್ತೆಯವರು ಬಗ್ಗಿ ಡಬ್ಬಿ ತೆಗೆಯುವುದು ತಪ್ಪುತ್ತದೆ. ಆದರೆ ಅದಕ್ಕೆ ಆಗಾಗ ಹೊಸ ಚೀಲ ಕೊಳ್ಳಬೇಕು. ಖಾಲಿ ಮಾಡುವ ಹತ್ತು ಹದಿನೈದು ಸೆಕೆಂಡು ಮಿಕ್ಸರಿಗಿಂತ ಜಾಸ್ತಿ ಸದ್ದು, ಜಾಸ್ತಿ ಕರೆಂಟು. ಮಧ್ಯಾಹ್ನ ಹಿರಿಯರು ಮಲಗುವ ಹೊತ್ತಿಗೆ ಟೈಮ್ ಇಡಬೇಡಿ.

ವೈಫೈ ಸಂಗತಿ ಸಣ್ಣದು. ಬಹಳಷ್ಟು ಮೆಷಿನ್ ವೈಫೈನ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಮಾತ್ರ ಕೂಡುತ್ತವೆ, ರೂಟರಿನಲ್ಲಿ ಅದನ್ನು ಆನ್ ಇಟ್ಟಿರಿ.

ಒಂದು ಯುಗಾದಿಯ ಬೆಳಿಗ್ಗೆ ದೇವರ ಕೋಣೆ ಮುಂದೆ ಅತ್ತೆ ಒಂದು ತಾಸು ಕೂತು ರಂಗೋಲಿ ಹಾಕಿದ್ದರು. ಹತ್ತು ಗಂಟೆಗೆ ಮೆಷಿನ್ ತನ್ನ ಪಾಡಿಗೆ ಎದ್ದು, ಬಂದು, ಅರ್ಧ ನವಿಲನ್ನು ನುಂಗಿತು. ಮೂರು ದಿನ ನನ್ನ ಜೊತೆ ಮಾತಿಲ್ಲ. ಆಪ್‌ನಲ್ಲಿ ನಕ್ಷೆಯ ಮೇಲೆ ಬೆರಳಿನಿಂದ ಒಂದು ಚೌಕ ಎಳೆದರೆ ಆ ಜಾಗಕ್ಕೆ ಅದು ಕಾಲಿಡುವುದಿಲ್ಲ. ಇದನ್ನು ನಾನು ನಾಲ್ಕನೇ ದಿನ ಕಲಿತೆ. ನೀವು ಮೊದಲ ದಿನವೇ ಎಳೆಯಿರಿ. ಕೌದಿಯ ದಾರ, ಮಲ್ಲಿಗೆ ದಂಡೆಯ ನೂಲು, ಉದ್ದ ಕೂದಲು, ಫೋನ್ ಚಾರ್ಜರಿನ ವೈರು, ಇವು ಬ್ರಷ್‌ಗೆ ಸುತ್ತಿಕೊಳ್ಳುತ್ತವೆ. ಕೂದಲಿನ ಬ್ರಷ್‌ಗಿಂತ ರಬ್ಬರ್ ರೋಲರ್ ಇದ್ದರೆ ಬಿಡಿಸುವುದು ಸುಲಭ.

ಯಾವ ಕಂಪನಿ ಎಂದು ಕೇಳಿದ್ದೀರಿ. ಶಿಯೋಮಿ, ಡ್ರೀಮಿ, ಇಕೋವ್ಯಾಕ್ಸ್, ಯುರೇಕಾ ಫೋರ್ಬ್ಸ್ ಎಲ್ಲರದ್ದೂ ನಮ್ಮ ದೇಶದಲ್ಲಿ ಸಿಗುತ್ತವೆ, ಮಾಡೆಲ್ ಹೆಸರು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಹೆಸರು ಹೇಳಿ ನಿಮ್ಮನ್ನು ಸಿಕ್ಕಿಸುವುದಿಲ್ಲ. ಆರ್ಡರ್ ಮಾಡುವ ಮೊದಲು ಕಂಪನಿಗೆ ಫೋನ್ ಮಾಡಿ, 586ರಿಂದ ಶುರುವಾಗುವ ನಿಮ್ಮ ಪಿನ್‌ಕೋಡ್ ಹೇಳಿ, ಕೆಟ್ಟರೆ ಮನೆಗೆ ಯಾರು ಬರುತ್ತಾರೆ ಎಂದು ಕೇಳಿ. ಬ್ಯಾಟರಿಗೆ ವಾರಂಟಿ ಬೇರೆ ಇದೆಯಾ ಎಂದೂ ಕೇಳಿ. ಸೋಲಾಪುರಕ್ಕೋ ಹುಬ್ಬಳ್ಳಿಗೋ ಕಳಿಸಿ ಅಂದರೆ ಡಬ್ಬಿ, ಥರ್ಮಾಕೋಲ್ ಜೋಪಾನ ಮಾಡಿ ಅಟ್ಟದ ಮೇಲಿಡಿ.

ನಿಮ್ಮ ಅದೃಷ್ಟ ಎಂದರೆ ಮನೆ ಇನ್ನೂ ಮುಗಿದಿಲ್ಲ. ಮುಂಬಾಗಿಲ ಹೊಸ್ತಿಲು ಎಷ್ಟು ಎತ್ತರ ಬೇಕಾದರೂ ಇರಲಿ, ಮೆಷಿನ್ ಅದನ್ನು ದಾಟಿ ಹೋಗಬೇಕಾಗಿಲ್ಲ. ಒಳಗಿನ ಕೋಣೆಗಳ ಹೊಸ್ತಿಲ ಪಟ್ಟಿ ಮಾತ್ರ ಒಂದೂವರೆ ಸೆಂಟಿಮೀಟರ್ ದಾಟಬಾರದು, ಅಂಚು ಗುಂಡಗಿರಲಿ, ಕಪ್ಪು ಕಲ್ಲು ಬೇಡ ಎಂದು ಗೌಂಡಿಗೆ ಈಗಲೇ ಹೇಳಿ. ಪಡಸಾಲೆಯ ಒಂದು ಗೋಡೆಯಲ್ಲಿ ನೆಲದಿಂದ ಒಂದು ಗೇಣು ಮೇಲೆ ಪ್ಲಗ್ ಪಾಯಿಂಟ್ ಇಡಿಸಿ, ಅದರ ಎರಡೂ ಬದಿ ಅರ್ಧ ಮೀಟರ್ ಖಾಲಿ ಇರಲಿ. ಸಾದಾ ಡಾಕ್ ತಗೊಳ್ಳುವುದಾದರೆ ಆ ಪಾಯಿಂಟಿಗೆ ಇನ್ವರ್ಟರ್ ಲೈನ್ ಕೊಡಿಸಿ. ಕರೆಂಟು ಹೋದಾಗ ಡಾಕ್ ಸಿಗ್ನಲ್ ಬಿಡುವುದಿಲ್ಲ, ಕೆಲಸ ಮುಗಿಸಿ ಬಂದ ಮೆಷಿನ್ ಮನೆ ಬಾಗಿಲು ಸಿಗದೆ ಅಲ್ಲೇ ಸುತ್ತುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ವೈರಿಂಗ್‌ನವರು ಗೋಡೆ ಮುಚ್ಚುವ ಮೊದಲು ಈ ಪಾಯಿಂಟಿನ ಮಾತು ಆಡಿಬಿಡಿ.