ಬೂಸ್ಟು ಕಂಡವರು ಒಬ್ಬರು, ಬೆಳೆಸಿದವರು ಹಲವರು

(ಬೂಸ್ಟಿನಿಂದ ತೆಗೆದ, ರೋಗಾಣು ಕೊಲ್ಲುವ ಔಷಧಿ ಪೆನಿಸಿಲಿನ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಅದರ ಸಂಶೋಧನೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಅಂಕೋಲೆಯ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ತಕರಾರು ಎರಡು. "ಪೆನಿಸಿಲಿನ್ ಕಂಡುಹಿಡಿದವರು ಫ್ಲೆಮಿಂಗ್ ಎಂದು 36 ವರ್ಷ ಪಾಠ ಮಾಡಿದ್ದೇನೆ. ನೀವು ಅವರಿಗೆ ಒಂದೇ ಪ್ಯಾರಾ ಕೊಟ್ಟು, ಪಾತ್ರೆ ಮಾಡಿಸಿದವನಿಗೆ ಒಂದು ಪುಟ ಕೊಟ್ಟಿದ್ದೀರಿ. ಮಕ್ಕಳ ತಲೆ ಯಾಕೆ ಕೆಡಿಸುತ್ತೀರಿ?" ಇದು ಮೊದಲನೆಯದು. "ಆಕ್ಸ್‌ಫರ್ಡ್ ಶ್ರೀಮಂತರ ಜಾಗ, ಅಲ್ಲಿ ಆಗದೆ ಇನ್ನೆಲ್ಲಿ ಆಗುತ್ತೆ?" ಇದು ಎರಡನೆಯದು.)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಎರಡು ಸಲ ಓದಿದೆ. ಈ ವಯಸ್ಸಿನಲ್ಲೂ ಶಾಯಿ ಪೆನ್ನಿನಲ್ಲಿ, ಒಂದೂ ಕಾಟಿಲ್ಲದೆ ನಾಲ್ಕು ಪುಟ ಬರೆದಿದ್ದೀರಲ್ಲ, ಅದಕ್ಕೇ ಒಂದು ನಮಸ್ಕಾರ. ಆದರೆ ನಿಮ್ಮ ಮಾತು ಒಪ್ಪಲಿಕ್ಕೆ ಆಗ್ತಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಫ್ಲೆಮಿಂಗ್ ದೊಡ್ಡವರೇ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ಬೂಸ್ಟು ಬಂದ ಗಾಜಿನ ತಟ್ಟೆಯನ್ನು ತೊಳೆದು ಹಾಕದೆ ದಿಟ್ಟಿಸಿ ನೋಡಿದರು. ಬೂಸ್ಟಿನ ಸುತ್ತ ರೋಗಾಣು ಸತ್ತಿದ್ದನ್ನು ಗುರುತಿಸಿದರು, ಬರೆದು ಪ್ರಕಟಿಸಿದರು. ಆಕ್ಸ್‌ಫರ್ಡ್‌ನವರು ಮುಂದೆ ಬೆಳೆಸಿದ್ದೂ ಅದೇ ಬೂಸ್ಟಿನ ಸಂತಾನವನ್ನು. ಇಷ್ಟಕ್ಕೆ ನನ್ನ ತಕರಾರಿಲ್ಲ.

ಆದರೆ ಆಮೇಲೆ? ಹತ್ತು ವರ್ಷ ಅದು ಔಷಧಿ ಆಗಲೇ ಇಲ್ಲ. ಬೂಸ್ಟಿನ ರಸದಿಂದ ಔಷಧಿಯನ್ನು ಬೇರೆ ಮಾಡಲು ಹೋದರೆ ಅದು ಕೆಟ್ಟುಹೋಗುತ್ತಿತ್ತು. ನಿಮ್ಮ ಪಾಠ 1928ಕ್ಕೆ ನಿಂತುಬಿಟ್ಟರೆ ಮಕ್ಕಳಿಗೆ ಏನು ಅನಿಸುತ್ತೆ ಹೇಳಿ? ವಿಜ್ಞಾನ ಅಂದರೆ ಕಿಟಕಿಯಿಂದ ಏನೋ ಹಾರಿ ಬಂದು ತಟ್ಟೆಯಲ್ಲಿ ಬೀಳುವುದು, ನೋಡಿದವನು ದೊಡ್ಡ ಮನುಷ್ಯ ಆಗುವುದು ಅಂತಲೇ ಅನಿಸುತ್ತೆ. ನನಗೂ ಹಾಗೇ ಅನಿಸಿತ್ತು, ಬಹಳ ವರ್ಷ.

ಈಗ ನೀವು "ಪಾತ್ರೆ ಮಾಡಿಸಿದವನು" ಅಂತ ಒಂದೇ ಮಾತಿನಲ್ಲಿ ಮುಗಿಸಿದ ನಾರ್ಮನ್ ಹೀಟ್ಲಿ ವಿಷಯಕ್ಕೆ ಬರುತ್ತೇನೆ. ಆಕ್ಸ್‌ಫರ್ಡ್‌ನ ಸರ್ ವಿಲಿಯಂ ಡನ್ ಸ್ಕೂಲ್ ಆಫ್ ಪೆಥಾಲಜಿಯಲ್ಲಿ ಹೋವರ್ಡ್ ಫ್ಲೋರಿ ಮುಖ್ಯಸ್ಥರು, ಅರ್ನ್‌ಸ್ಟ್ ಚೈನ್ ರಸಾಯನ ಬಲ್ಲವರು. ಇವರ ಜೊತೆ ಸೇರಿದ ಹೀಟ್ಲಿ ಕಲಿತಿದ್ದು ಜೀವರಸಾಯನಶಾಸ್ತ್ರ, ಕೈಯಲ್ಲಿದ್ದದ್ದು ಮರಗೆಲಸ, ಗಾಜಿನ ಕೆಲಸ, ಕೊಳಾಯಿ ಕೆಲಸ. ಔಷಧಿ ಕೆಡದಂತೆ ತೆಗೆಯುವ ಉಪಾಯ ಹೇಳಿದ್ದು ಇದೇ ಹೀಟ್ಲಿ. ರಸವನ್ನು ಹುಳಿ ಮಾಡಿ ಔಷಧಿಯನ್ನು ಈಥರ್‌ಗೆ ಇಳಿಸುವುದು, ಅಲ್ಲಿಂದ ಸ್ವಲ್ಪ ಕ್ಷಾರದ ನೀರಿಗೆ ಮತ್ತೆ ವಾಪಸ್ ಎಳೆದುಕೊಳ್ಳುವುದು. ಕೇಳಲಿಕ್ಕೆ ಇಷ್ಟೇ. ಎಷ್ಟೋ ಜನ ಕೈಚೆಲ್ಲಿದ್ದು ಇಲ್ಲಿಯೇ.

1940ರ ಮೇ 25, ಶನಿವಾರ. ಎಂಟು ಇಲಿಗಳಿಗೆ ಸಾಯುವಷ್ಟು ರೋಗಾಣು ಚುಚ್ಚಿದರು, ಅದರಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಹೀಟ್ಲಿ ರಾತ್ರಿಯೆಲ್ಲ ಅಲ್ಲೇ ಕೂತಿದ್ದರು. ಬೆಳಗಿನ ಜಾವ ಮೂರೂಮುಕ್ಕಾಲರ ಹೊತ್ತಿಗೆ ಔಷಧಿ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕ ನಾಲ್ಕೂ ಬದುಕಿದ್ದವು. ಆಗ ಎರಡನೇ ಮಹಾಯುದ್ಧ. ಮರುದಿನದಿಂದಲೇ, ಜರ್ಮನರ ಕೈಗೆ ಸಿಗುವಂತಿದ್ದ ಸೈನಿಕರನ್ನು ಫ್ರಾನ್ಸಿನ ಡಂಕರ್ಕ್‌ನಿಂದ ಇಂಗ್ಲೆಂಡಿಗೆ ವಾಪಸ್ ಕರೆತರುವ ಕೆಲಸ ಶುರು. ಜರ್ಮನರು ಬಂದೇಬಿಟ್ಟರೆ ಎಲ್ಲವನ್ನೂ ನಾಶ ಮಾಡಬೇಕು, ಬೂಸ್ಟು ಮಾತ್ರ ಉಳಿಯಬೇಕು ಅಂತ ಕೆಲವರು ತಮ್ಮ ಕೋಟಿನ ಒಳಬಟ್ಟೆಗೆ ಅದರ ಬೀಜಾಣುಗಳನ್ನು ಉಜ್ಜಿಕೊಂಡಿದ್ದರು.

ಶ್ರೀಮಂತರ ಜಾಗ ಅಂದಿರಲ್ಲ ಮೇಷ್ಟ್ರೇ, ಇಲ್ಲಿ ಸ್ವಲ್ಪ ಜಗಳ ಆಡಬೇಕು. ಕಟ್ಟಡ ದೊಡ್ಡದಿತ್ತು, ನಿಜ. ಆದರೆ ಯುದ್ಧ ಶುರುವಾದಾಗ ಈ ಕೆಲಸಕ್ಕೆ ಅಂತ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕೊಟ್ಟಿದ್ದು 25 ಪೌಂಡ್. ಆಮೇಲೆ ಅಮೆರಿಕದ ದಾನಿ ಸಂಸ್ಥೆ ರಾಕ್‌ಫೆಲ್ಲರ್ ಫೌಂಡೇಶನ್ ಕೈಹಿಡಿಯಿತು. ಬೂಸ್ಟು ತೆಳ್ಳಗೆ, ಅಗಲವಾಗಿ ಹರಡಿ ಬೆಳೆಯಬೇಕು, ಅದಕ್ಕೆ ತಕ್ಕ ಪಾತ್ರೆ ಬೇಕು. ಇದ್ದಬದ್ದ ಡಬ್ಬ, ತಟ್ಟೆಗಳಲ್ಲೆಲ್ಲ ಬೆಳೆಸಿ ನೋಡಿದರು. ಚೆನ್ನಾಗಿ ಒಗ್ಗಿದ್ದು ಆಸ್ಪತ್ರೆಯ ಬೆಡ್‌ಪ್ಯಾನ್. ಅದೇ ಆಕಾರ ಹಿಡಿದು, ಒಂದರ ಮೇಲೊಂದು ಪೇರಿಸಲು ಬರುವಂಥ ಚಪ್ಪಟೆ ಪಾತ್ರೆಯ ಚಿತ್ರವನ್ನು ಹೀಟ್ಲಿ ಬರೆದರು. ಪಿಂಗಾಣಿ ಕೆಲಸಕ್ಕೆ ಹೆಸರಾದ ಬರ್ಸ್ಲೆಮ್‌ನಲ್ಲಿ ಅದನ್ನು ಮಾಡಿಸಿದರು. 1940ರ ಡಿಸೆಂಬರ್ 23ರಂದು, ಯಾರದೋ ವ್ಯಾನು ಕೇಳಿ ಪಡೆದು, ಮೊದಲ 174 ಪಾತ್ರೆಗಳನ್ನು ತಾವೇ ತಂದರು. ತೊಳೆದು, ಹಬೆಯಲ್ಲಿ ಶುದ್ಧ ಮಾಡಿ, ಕ್ರಿಸ್‌ಮಸ್ ದಿನ ಬೂಸ್ಟು ಬಿತ್ತಿದರು. ಔಷಧಿ ಸೋಸುವ ಯಂತ್ರ? ಬಾಡ್ಲಿಯನ್ ಗ್ರಂಥಾಲಯ ಬೇಡವೆಂದ ಪುಸ್ತಕದ ಕಪಾಟು, ಸ್ನಾನದ ತೊಟ್ಟಿ, ಹಾಲಿನ ಕ್ಯಾನು, ಬಾಟಲಿ ಖಾಲಿಯಾದರೆ ಬಾರಿಸಲು ಒಂದು ಬೆಲ್ಲು. ಇಷ್ಟರಲ್ಲೇ ಕಟ್ಟಿದ್ದು.

ಪಾತ್ರೆಗಳನ್ನು ನೋಡಿಕೊಂಡವರು ಆರು ಜನ ಹುಡುಗಿಯರು. ಬಣ್ಣ ಹೊಡೆಯುವ ಸ್ಪ್ರೇ ಗನ್ ಹಿಡಿದು ಬೀಜಾಣು ಸಿಂಪಡಿಸುತ್ತಿದ್ದರು, ರಸ ಬಸಿಯುತ್ತಿದ್ದರು. ಹೆಸರು ಬರೆಯುತ್ತೇನೆ, ಜಾಗ ಹಿಡಿದರೂ ಪರವಾಗಿಲ್ಲ: ರೂತ್ ಕ್ಯಾಲೋ, ಕ್ಲೇರ್ ಇನಾಯತ್, ಬೆಟ್ಟಿ ಕುಕ್, ಪೆಗ್ಗಿ ಗಾರ್ಡ್ನರ್, ಮೇಗನ್ ಲ್ಯಾಂಕಾಸ್ಟರ್, ಪೆಟ್ರೀಷಿಯಾ ಮೆಕೆಗ್ನಿ. ನಮ್ಮ ಯಾವ ಪಾಠದಲ್ಲಿ ಇವರಿದ್ದಾರೆ?

1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಈ ಔಷಧಿ ಚುಚ್ಚಿದರು. ಮುಖದ ಗಾಯ ಕೀವಾಗಿ ಮೈಯೆಲ್ಲ ಹಬ್ಬಿ, ಒಂದು ಕಣ್ಣನ್ನೇ ತೆಗೆದಿದ್ದರು. ಒಂದೇ ದಿನಕ್ಕೆ ಜ್ವರ ಇಳಿಯಿತು, ಮನುಷ್ಯ ಊಟ ಕೇಳಿದ. ಔಷಧಿ ಮುಗಿಯುತ್ತಾ ಬಂದಾಗ ಅವನ ಮೂತ್ರವನ್ನೇ ಸೈಕಲ್‌ನಲ್ಲಿ ಲ್ಯಾಬಿಗೆ ಒಯ್ದು, ಅದರಲ್ಲಿದ್ದ ಪೆನಿಸಿಲಿನ್ ಸೋಸಿ ತಂದು ಮತ್ತೆ ಚುಚ್ಚಿದರು. ಸಾಲಲಿಲ್ಲ. ಮಾರ್ಚ್ 15ರಂದು ತೀರಿಕೊಂಡ. ಆಮೇಲೆ ಕಡಿಮೆ ಔಷಧಿ ಸಾಕು ಅಂತ ಹೆಚ್ಚಾಗಿ ಮಕ್ಕಳನ್ನೇ ಆರಿಸಿಕೊಂಡರು.

ನನಗೆ ಇದು ಪುಸ್ತಕದ ವಿಷಯ ಮಾತ್ರ ಅಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಹತ್ತನೇ ವಯಸ್ಸಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯಕ್ಕೆ ತಾಗಿತ್ತು. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಕರೆದುಕೊಂಡು ಹೋಗುತ್ತಿದ್ದವನು ನಾನು. ಕಾಂಪೌಂಡರು ಮೊದಲು ಮುಂಗೈ ಮೇಲೆ ಚೂರು ಚುಚ್ಚಿ, ಸುತ್ತ ಪೆನ್ನಿನಲ್ಲಿ ಒಂದು ವೃತ್ತ ಬರೆದು, ಕೆಂಪಾಗುತ್ತಾ ಅಂತ ಕಾಯುತ್ತಿದ್ದರು. ಆಮೇಲೆ ಸೀಸೆಯನ್ನು ಎರಡು ಅಂಗೈ ನಡುವೆ ಹೊಸೆಯುತ್ತಿದ್ದರು, ತುಂಬಾ ಹೊತ್ತು. ಆ ಹಾಲಿನಂಥ ದಪ್ಪ ಔಷಧಿ ಸರಿಯಾಗಿ ಕಲೆಯದಿದ್ದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತೆ, ಮತ್ತೆ ಚುಚ್ಚಬೇಕಾಗುತ್ತೆ. "ಮಗು ಎರಡು ಸಲ ಅಳಬಾರದು ನೋಡಿ" ಅನ್ನುತ್ತಿದ್ದರು. ಅವಳಿಗೆ ಈಗ ಮೊಮ್ಮಗಳಿದ್ದಾಳೆ. ಫ್ಲೆಮಿಂಗ್ ನೋಡಿದ್ದರಿಂದ ಮಾತ್ರ ಅವಳು ಉಳಿದಳಾ? ನನಗಂತೂ ಆ ಹೊಸೆಯುವ ಅಂಗೈಗಳೇ ಕಣ್ಣ ಮುಂದೆ ಬರುತ್ತವೆ.

1945ರ ನೊಬೆಲ್ ಬಂದಿದ್ದು ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ. ಮೂವರಿಗಿಂತ ಜಾಸ್ತಿ ಜನಕ್ಕೆ ಹಂಚುವ ಹಾಗಿಲ್ಲ. ಅದಕ್ಕೂ ಮೊದಲು, 1941ರಲ್ಲಿ, ಫ್ಲೋರಿ ಜೊತೆ ಅಮೆರಿಕಕ್ಕೆ ಹೋದ ಹೀಟ್ಲಿ ಪಿಯೋರಿಯಾ ಊರಿನ ಸರ್ಕಾರಿ ಲ್ಯಾಬಿನಲ್ಲಿ ಬೂಸ್ಟು ಬೆಳೆಸುವುದನ್ನು ತೋರಿಸಿಕೊಟ್ಟರು. ಮುಂದೆ ಅದೇ ಊರಿನ ಒಂದು ಕರಬೂಜ ಹಣ್ಣಿನ ಬೂಸ್ಟು ಹೆಚ್ಚು ಔಷಧಿ ಕೊಟ್ಟಿತು. ಆದರೆ ಜೊತೆಗೆ ದುಡಿದ ಆಂಡ್ರ್ಯೂ ಮೋಯರ್ ಪ್ರಬಂಧ ಪ್ರಕಟಿಸುವಾಗ ಹೀಟ್ಲಿ ಹೆಸರನ್ನೇ ಕೈಬಿಟ್ಟರು. ಕೊನೆಗೆ 1990ರಲ್ಲಿ, ಹೀಟ್ಲಿಗೆ 79 ವರ್ಷ ಆದಾಗ, ಆಕ್ಸ್‌ಫರ್ಡ್ ಗೌರವ ಎಂ.ಡಿ. ಕೊಟ್ಟಿತು. ವೈದ್ಯರಲ್ಲದವರಿಗೆ ಅದನ್ನು ಕೊಟ್ಟಿದ್ದು 800 ವರ್ಷದಲ್ಲಿ ಅದೇ ಮೊದಲು. ಹೀಟ್ಲಿ ಇಲ್ಲದಿದ್ದರೆ ಪೆನಿಸಿಲಿನ್ನೇ ಇಲ್ಲ ಎಂದು ಹೇಳಿದ್ದು ನಾನಲ್ಲ ಮೇಷ್ಟ್ರೇ, ಫ್ಲೋರಿ ನಂತರ ಅದೇ ವಿಭಾಗವನ್ನು ನಡೆಸಿದ ಹೆನ್ರಿ ಹ್ಯಾರಿಸ್.

ಈಗ ನಮ್ಮ ಮನೆಯ ಸಂಗತಿ. ನಾನು ಓದಿದ ಕಾಲೇಜಿನಲ್ಲಿ ಲ್ಯಾಬಿಗೆ ಸದಾ ಬೀಗ. ಉಪಕರಣ ಒಡೆದರೆ ದುಡ್ಡು ಕಟ್ಟಬೇಕು, ಅದಕ್ಕೆ ಮುಟ್ಟುವುದೇ ಬೇಡ ಅಂತ ಎಲ್ಲರೂ ದೂರ ನಿಂತು ನೋಡಿ, ಹಿಂದಿನ ವರ್ಷದ ರೆಕಾರ್ಡ್ ಪುಸ್ತಕ ನಕಲು ಮಾಡುತ್ತಿದ್ದೆವು. ಬೀಗ ತೆಗೆಯುತ್ತಿದ್ದ ಅಟೆಂಡರ್ ಒಬ್ಬರಿಗೆ ಮಾತ್ರ ಪ್ರತಿ ಉಪಕರಣದ ಕಾಯಿಲೆ ಗೊತ್ತಿತ್ತು. ಸೀಳಿದ ಗಾಜಿನ ಕೊಳವೆಯನ್ನು ಬರ್ನರ್ ಮೇಲೆ ತಿರುಗಿಸುತ್ತಾ ಕೂಡಿಸುತ್ತಿದ್ದರು. ಕಾಲೇಜಿನ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇಪ್ಪತ್ತು ಜನ ಗಣ್ಯರ ಫೋಟೋ ಹಾಕಿದರು, ಅವರದಿಲ್ಲ. ಹಣ ಇಲ್ಲ, ಸೌಲಭ್ಯ ಇಲ್ಲ ಅಂತ ನಾವು ಹೇಳುತ್ತಲೇ ಇರುತ್ತೇವೆ. ಕೆಲವು ಕಡೆ ನಿಜವೂ ಹೌದು. ಆದರೆ ಇರುವ ಕೈಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಲ್ಲ, ಅದು ನನ್ನ ಸಂಕಟ. ಮಗ ಬಡಗಿ ಕೆಲಸ ಕಲಿತರೆ ಓದು ಹತ್ತಲಿಲ್ಲ ಅನ್ನುತ್ತೇವೆ, ಅಲ್ವಾ?

ನಿಮ್ಮ ಮೇಲೆ ನನಗೆ ನಿಜವಾಗಿ ಬೇಜಾರಾಗಿದ್ದು ಕಾಗದದ ಕೊನೆಯ ಪುಟ ಓದಿ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ದಿನ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, "ನಮ್ಮ ಶಾಲೆಯ ಜವಾನ" ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಸಣ್ಣ ತೂತು ಮಾಡಿ, ಕತ್ತಲೆ ಕೋಣೆಯ ಗೋಡೆ ಮೇಲೆ ಸೂರ್ಯನನ್ನು ಬೀಳಿಸಿದ, ಬಂದ ಹನ್ನೊಂದು ಮಕ್ಕಳು ಗ್ರಹಣವನ್ನು ಗೋಡೆ ಮೇಲೆ ನೋಡಿದರು ಅಂತ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾಲ್ಕು ಪುಟದಲ್ಲಿ ಫ್ಲೆಮಿಂಗ್ ಹೆಸರು ಒಂಬತ್ತು ಸಲ ಇದೆ, ಎಣಿಸಿದೆ. ಆ ಜವಾನರ ಹೆಸರು ಒಂದು ಸಲವೂ ಇಲ್ಲ.

ನಿಮಗೆ ನೆನಪಿರುತ್ತೆ, ನನಗೆ ಗೊತ್ತು. ಅವರ ಹೆಸರು, ಊರು, ಆ ಕನ್ನಡಿ ಎಲ್ಲಿಂದ ತಂದರು, ಮಕ್ಕಳು ಏನಂದರು, ಎಲ್ಲ ಬರೆದು ಕಳಿಸಿ. ಅವರ ಮನೆಯವರ ಹತ್ತಿರ ಫೋಟೋ ಇದ್ದರೆ ಅದನ್ನೂ ಕೇಳಿ. ಮುಂದಿನ ಸಂಚಿಕೆ 20ನೇ ತಾರೀಕು ಅಚ್ಚಿಗೆ ಹೋಗುತ್ತೆ, ಎರಡು ಪುಟ ಖಾಲಿ ಇಟ್ಟಿರುತ್ತೇನೆ.